ಬಳೆ ಕಾಣದ ಶನಿ

ಮಧುರೆ,
ಕಾರ್ತಿಕದ ಕೊನೆಯ ವಾರ, 2025

ಪ್ರೀತಿಯ ಪುಟ್ಟಿ,

ನಿನ್ನ ಮೆಸೇಜು ನೋಡಿದೆ. ಅದಕ್ಕೆ ಒಂದು ಹೆಬ್ಬೆರಳಿನ ಚಿತ್ರ ಒತ್ತಿ ಸುಮ್ಮನಾಗಲು ಮನಸ್ಸು ಬರಲಿಲ್ಲ, ಅದಕ್ಕೇ ಈ ಕಾಗದ. "ಇಷ್ಟೆಲ್ಲ ಬಿಟ್ಟು ಬಂದಿದ್ದೀನಿ, ಕೊನೆಗೆ ಏನೂ ಸಿಗದೆ ಹೋದ್ರೆ ಏನಕ್ಕಾ ಮಾಡ್ಲಿ?" ಅಂತ ಕೇಳಿದ್ದೀಯ. ಅದೂ ರಾತ್ರಿ ಒಂದೂವರೆಗೆ. ಮೊದಲು ಅದಕ್ಕೆ ಬೈಸಿಕೋ. ಆ ಹೊತ್ತಿನಲ್ಲಿ ಏಳುವ ಪ್ರಶ್ನೆಗಳಲ್ಲಿ ಅರ್ಧ ನಿದ್ದೆಗೆಟ್ಟಿದ್ದಕ್ಕೆ ಏಳುವಂಥವು, ಬೆಳಗ್ಗೆ ಬಿಸಿ ಕಾಫಿ ಕುಡಿದರೆ ತಾವಾಗಿಯೇ ಹೋಗುತ್ತವೆ. ಇನ್ನರ್ಧಕ್ಕೆ ನನಗೆ ತೋಚಿದ್ದನ್ನು ಬರೆಯುತ್ತೇನೆ. ಹೈಸ್ಕೂಲು ಮೇಡಮ್ಮು ಪಿಎಚ್.ಡಿ. ಹುಡುಗಿಗೆ ಪಾಠ ಹೇಳಲು ಹೊರಟಳು ಅಂತ ನಗಬೇಡ. ನಕ್ಕರೂ ಓದು.

ಮೊದಲು ಊರಿನ ಸಮಾಚಾರ. ರಾಗಿ ಕೊಯ್ಲು ಶುರುವಾಗಿದೆ. ಆಳುಗಳು ಸಿಗುವುದಿಲ್ಲ, ಮಿಷನ್ನಿಗೆ ಸರದಿ ಕಾಯಬೇಕು, ಅಷ್ಟರಲ್ಲಿ ಮೋಡ ಕವಿದರೆ ಚಿಕ್ಕಪ್ಪನ ಮುಖ ಸಪ್ಪಗಾಗುತ್ತದೆ. ಕೊಯ್ದ ತೆನೆ ನೆನೆದರೆ ರಾಗಿ ಕಪ್ಪಾಗುತ್ತದಲ್ಲ, ಅದು ಅವರ ಚಿಂತೆ. ಅವರೆಕಾಯಿ ಬರುತ್ತಿದೆ, ಆದರೆ ಸೊಗಡು ಇನ್ನೂ ಹಿಡಿದಿಲ್ಲ. ಚಿಕ್ಕಮ್ಮ ನಿನ್ನ ರೂಮನ್ನು ದಿನವೂ ಗುಡಿಸುತ್ತಾರೆ, ಗುಡಿಸುವಾಗ ಒಬ್ಬರೇ ಏನೋ ಗೊಣಗಿಕೊಳ್ಳುತ್ತಾರೆ. ಚಿಕ್ಕಪ್ಪನದು ಬೇರೆ ಕಥೆ. ಹಾಲಿನ ಡೈರಿ ಹತ್ತಿರ ಸಿಕ್ಕವರಿಗೆಲ್ಲ "ನಮ್ ಹುಡ್ಗಿ ಇಸ್ರೋಗೆ ಸೇರ್ಕೊಂಡವ್ಳೆ" ಅಂತ ಹೇಳಿಕೊಂಡು ಬರುತ್ತಾರೆ. ನೀನಿರುವ ಅಹಮದಾಬಾದಿನ ಭೌತ ಸಂಶೋಧನಾಲಯವೂ ಬಾಹ್ಯಾಕಾಶ ಇಲಾಖೆಯ ಕೆಳಗೇ ಬರುವುದರಿಂದ ಅವರ ಮಾತು ತೀರಾ ಸುಳ್ಳಾಗುವುದಿಲ್ಲ, ನಾನೂ ತಿದ್ದಲು ಹೋಗಿಲ್ಲ. ಮನೆಯೊಳಗೆ ಕಾಲಿಟ್ಟ ಮೇಲೆ ಮಾತ್ರ ರಾಗ ಬದಲಾಗುತ್ತದೆ. "ಕೈಗೆ ಬಂದಿದ್ ಕೆಲ್ಸ ಬಿಟ್ಬುಟ್ಟು ಅಂಥಾದ್ದೇನ್ ಹುಡುಕ್ತಾಳೆ ಅಲ್ಲಿ? ಹುಡುಕಾಕೆ ಇಲ್ಲೇನ್ ಕಮ್ಮಿ ಐತೆ?"

ಅವರ ಕೊನೆಯ ಮಾತಿನಲ್ಲಿ ತಪ್ಪಿಲ್ಲ ಕಣೇ. ಹುಡುಕುವುದಕ್ಕೆ ಇಲ್ಲೇನೂ ಕಮ್ಮಿ ಇಲ್ಲ. ನಮ್ಮ ತಾಲ್ಲೂಕಿನದೇ ರಾಜಘಟ್ಟವನ್ನು ತಗೋ. ದೊಡ್ಡಬಳ್ಳಾಪುರದ ಪಕ್ಕದ ಊರು, ನಮ್ಮ ನೆಂಟರೂ ಇದ್ದಾರೆ. ಅಲ್ಲಿ 2001ರಲ್ಲೂ 2004ರಲ್ಲೂ ಮೈಸೂರು ವಿಶ್ವವಿದ್ಯಾಲಯದವರು ಬಂದು ಅಗೆದರು. ಇಟ್ಟಿಗೆಯ ಬೌದ್ಧ ಚೈತ್ಯ, ವಿಹಾರ ಹೊರಗೆ ಬಂದವು. ಜೊತೆಗೆ ಮಣ್ಣಿನಲ್ಲಿ ಮಾಡಿದ ಪುಟಾಣಿ ಹರಕೆ ಸ್ತೂಪಗಳು. ಅವುಗಳ ಹೊಟ್ಟೆಯೊಳಗೆ ಅಕ್ಷರ ಒತ್ತಿದ ಮಣ್ಣಿನ ಬಿಲ್ಲೆಗಳು. ಸಾವಿರದೈನೂರು ವರ್ಷದ ಹಿಂದೆ ಯಾರೋ ಹರಕೆ ಹೊತ್ತು ಬಂದು, ಹಸಿ ಮಣ್ಣಿಗೆ ಅಚ್ಚೊತ್ತಿ, ಯಾರ ಕಣ್ಣಿಗೂ ಬೀಳದ ಹಾಗೆ ಒಳಗಿಟ್ಟು ಮುಚ್ಚಿ ಹೋಗಿದ್ದಾರೆ. ಅದರ ಮೇಲೆ ನಮ್ಮವರು ತಲೆತಲಾಂತರದಿಂದ ಓಡಾಡಿದರು, ದನ ಮೇಯಿಸಿದರು. ಯಾರಿಗೂ ಗೊತ್ತಿರಲಿಲ್ಲ. ಹೆಬ್ಬಾಳದಲ್ಲೂ ಹಾಗೇ ಆಯಿತಲ್ಲ, 2018ರಲ್ಲಿ ಚರಂಡಿ ಅಗೆಯುವಾಗ ಕಿತ್ತಯ್ಯನ ವೀರಗಲ್ಲು ಸಿಕ್ಕಿತು. ಸುಮಾರು 750ನೆಯ ಇಸವಿಯದು, ಬೆಂಗಳೂರಿನಲ್ಲಿ ಸಿಕ್ಕಿರುವ ಅತಿ ಹಳೆಯ ಕನ್ನಡ ಶಾಸನ. ಚರಂಡಿಯಲ್ಲಿ! ದೂರ ಹೋದವರಿಗೇ ಏನಾದರೂ ಸಿಗುತ್ತದೆ ಅನ್ನುವ ಕಾನೂನು ಎಲ್ಲೂ ಇಲ್ಲ ಅಂತ ಚಿಕ್ಕಪ್ಪನಿಗೆ ನಾನೂ ಹೇಳಿದೆ. ಹೇಳಿದ್ದೇ ತಪ್ಪಾಯಿತು, "ಹಂಗಾದ್ರೆ ಅವ್ಳುನ್ನೂ ಇಲ್ಲೇ ಅಗಿಯಕ್ಕೆ ಹೇಳು" ಅಂದುಬಿಟ್ಟರು. ನೀನು ಬಂದಾಗ ಗುದ್ದಲಿ ಕೊಟ್ಟರೆ ನನ್ನನ್ನು ಬೈಯಬೇಡ.

ಈಗ ನಿನಗೆ ನಿಜವಾಗಿ ಹೇಳಬೇಕು ಅಂದುಕೊಂಡ ವಿಷಯ. ನೀನು ಬಿಟ್ಟುಹೋದ ದುರ್ಬೀನನ್ನು ತಾರಸಿಗೆ ಒಯ್ದು ನಿಲ್ಲಿಸಿದೆ. ಕಾಲಿನ ಒಂದು ತಿರುಪು ಸಡಿಲ ಇತ್ತು, ಬಟ್ಟೆ ಸುತ್ತಿ ಬಿಗಿ ಮಾಡಿದ್ದೇನೆ, ಕಿರುಚಬೇಡ. ಈಗ ಸಂಜೆ ಏಳರ ಹೊತ್ತಿಗೆ ಶನಿ ನೆತ್ತಿಯಿಂದ ಸ್ವಲ್ಪ ಆಗ್ನೇಯಕ್ಕೆ ಇರುತ್ತಾನೆ. ಆ ಕಡೆ ದೊಡ್ಡ ನಕ್ಷತ್ರಗಳಿಲ್ಲ, ಹುಡುಕುವುದು ಕಷ್ಟವಿಲ್ಲ. ಮಿನುಗದೆ, ತಣ್ಣಗೆ, ತುಸು ಹಳದಿಯಾಗಿ ಕೂತಿರುತ್ತಾನೆ. ಶಾಲೆಯ ಹುಡುಗರು ನಾಲ್ಕು ಜನ ಬಂದಿದ್ದರು. ಅವರ ಸದ್ದಿಗೆ ಕೆಳಗಿಂದ ದೊಡ್ಡಮ್ಮ ಮೆಟ್ಟಿಲು ಹತ್ತಿ ಬಂದರು, ಮಂಡಿ ನೋವು ಅಂತ ದೇವರ ಮನೆಗೂ ಕುರ್ಚಿ ಹಾಕಿಸಿಕೊಳ್ಳುವ ದೊಡ್ಡಮ್ಮ!

ನಿನಗೇ ಗೊತ್ತಲ್ಲ, ದೊಡ್ಡಮ್ಮನಿಗೆ ಶನಿವಾರ ಅಂದರೆ ಚಿಕ್ಕಮಧುರೆಯ ಶನಿಮಹಾತ್ಮ. ಕನಸವಾಡಿ ಕಡೆಗೆ ಹೋಗುವ ದಾರಿಯಲ್ಲಿ ಅವತ್ತು ಕಾರು, ಬಸ್ಸು, ಟೆಂಪೊ. ದೇವಸ್ಥಾನದ ಮುಂದೆ ಕಪ್ಪು ಬಟ್ಟೆಯಲ್ಲಿ ಎಳ್ಳು ಕಟ್ಟಿ ಎಣ್ಣೆಯಲ್ಲಿ ಅದ್ದಿದ ಬತ್ತಿಗಳು ಉರಿಯುವ ಹೊಗೆ, ಆ ವಾಸನೆ ಸೀರೆಗೆ ಅಂಟಿ ಮನೆವರೆಗೂ ಬರುತ್ತದೆ. ಶ್ರಾವಣದಲ್ಲಂತೂ ಕೇಳಬೇಡ. ಬೆಂಗಳೂರಿನಿಂದ, ತುಮಕೂರಿನಿಂದ ಜನ ಬರುತ್ತಾರೆ. ಮಗನಿಗೆ ಕೆಲಸ ಸಿಗಲಿ, ಕೇಸು ಮುಗಿಯಲಿ, ಸಾಲ ತೀರಲಿ ಅಂತ. ನೀನು ಕಾಲೇಜಿಗೆ ಸೇರಿದ ಹೊಸದರಲ್ಲಿ ಅದನ್ನೆಲ್ಲ ಆಡಿಕೊಳ್ಳುತ್ತಿದ್ದೆ, ನನಗೆ ಆಗಲೂ ಅದು ಹಿಡಿಸುತ್ತಿರಲಿಲ್ಲ. ಕಷ್ಟದಲ್ಲಿ ಇರುವವರು ಏನನ್ನಾದರೂ ಹಿಡಿದುಕೊಳ್ಳುತ್ತಾರೆ. ಹಿಡಿದುಕೊಂಡದ್ದು ಆಕಾಶದಲ್ಲಿ ನಿಜವಾಗಿಯೂ ಇರುವ ಒಂದು ಬೆಳಕನ್ನು ಅನ್ನುವುದು ನನಗೆ ಯಾವಾಗಲೂ ಇಷ್ಟ.

ದೊಡ್ಡಮ್ಮ ದುರ್ಬೀನಿನ ಹತ್ತಿರ ಬಂದರು, ನಿಂತರು, ಮುಟ್ಟಲಿಲ್ಲ. "ಯಾರುನ್ನ ನೋಡ್ತಾ ಇದೀರಾ?" ಅಂದರು. ಹುಡುಗನೊಬ್ಬ "ಶನಿ" ಅಂದ. ಅವರು ಎರಡು ಹೆಜ್ಜೆ ಹಿಂದೆ ಸರಿದರು. "ಅಯ್ಯೋ, ಅವ್ನುಗೆ ಕಣ್ಣಿಗೆ ಕಣ್ ಕೊಡ್ಬಾರ್ದು ಕಣವ್ವ. ಗುಡೀಲೂ ವಾರೆಗೆ ನಿಂತ್ಕೊಂಡೇ ಕೈ ಮುಗಿಯೋದು." ಅಷ್ಟು ಹೇಳಿ ಕೆಳಗೆ ಹೋಗಬಹುದಿತ್ತು, ಹೋಗಲಿಲ್ಲ. ಹುಡುಗರು ಒಬ್ಬೊಬ್ಬರಾಗಿ ನೋಡಿ "ಅಬ್ಬಾ" ಅನ್ನುವುದನ್ನು ಕೇಳಿಸಿಕೊಳ್ಳುತ್ತಾ ಪಕ್ಕದಲ್ಲೇ ಇದ್ದರು. ಆಮೇಲೆ ಸೆರಗು ತಲೆ ಮೇಲೆ ಎಳೆದುಕೊಂಡು, ಒಂದು ಸಲ ಕೈ ಮುಗಿದು, ಬಗ್ಗಿದರು.

ಬಹಳ ಹೊತ್ತು ಏನೂ ಮಾತಾಡಲಿಲ್ಲ. ಪಾಪ, ಕಣ್ಣಿಗೆ ಕೂಡಿಸಿಕೊಳ್ಳುವುದು ಕಷ್ಟವಾಯಿತೇನೋ ಅಂದುಕೊಂಡೆ. ಕೊನೆಗೆ ಹೇಳಿದರು: "ನಿಂಬೇಹಣ್ಣಿಗೆ ಸೂಜಿ ಚುಚ್ಚಿದಂಗವ್ನೆ. ಬಳೆ ಎಲ್ಲಿ?"

ಪುಟ್ಟಿ, ಅದಕ್ಕಿಂತ ಸರಿಯಾಗಿ ಯಾರೂ ಹೇಳಲಾರರು. ಈ ವರ್ಷ ಬಳೆಗಳು ನಮಗೆ ಅಂಚು ತೋರಿಸಿಕೊಂಡು ನಿಂತಿವೆ, ಈ ತಿಂಗಳಂತೂ ಗೆರೆಯಷ್ಟೇ. ಸುಮಾರು ಎರಡೂ ಮುಕ್ಕಾಲು ಲಕ್ಷ ಕಿಲೋಮೀಟರು ಅಗಲ ಇರುವ ಬಳೆಗಳ ದಪ್ಪ ಬಹುಪಾಲು ಕಡೆ ಹತ್ತಾರು ಮೀಟರು ಅಷ್ಟೇ. ಅಂಚು ನಮ್ಮ ಕಡೆ ತಿರುಗಿದರೆ ಕಾಣುವುದಾದರೂ ಏನು? ಸುಮಾರು ಹದಿನೈದು ವರ್ಷಕ್ಕೊಮ್ಮೆ ಹೀಗಾಗುತ್ತದೆ. ಶಾಲೆಯ ಗೋಡೆ ಮೇಲಿನ ಚಿತ್ರದಲ್ಲಿ ದಪ್ಪ ಬಳೆ ನೋಡಿದ್ದ ದೊಡ್ಡಮ್ಮನಿಗೆ ಮೋಸ ಆದ ಹಾಗೆ ಅನ್ನಿಸಿತು.

ಅವರಿಗೆ ಆದ ಮೋಸವೇ ಗೆಲಿಲಿಯೋಗೂ ಆಗಿತ್ತು ಅಂತ ಹುಡುಗರಿಗೆ ಹೇಳಿದೆ. 1610ರಲ್ಲಿ ಅವನು ತನ್ನ ದುರ್ಬೀನಿನಲ್ಲಿ ಶನಿಯನ್ನು ನೋಡಿದಾಗ ಎರಡೂ ಪಕ್ಕಕ್ಕೆ ಏನೋ ಅಂಟಿಕೊಂಡ ಹಾಗೆ ಕಂಡಿತು, ಮೂರು ಕಾಯಗಳು ಒಟ್ಟಿಗಿವೆ ಅಂದುಕೊಂಡ. 1612ರಲ್ಲಿ ಮತ್ತೆ ನೋಡಿದರೆ ಪಕ್ಕದವು ಎರಡೂ ಮಾಯ. ಅವನ ಎದೆ ಧಸಕ್ಕೆಂದಿರಬೇಕು ನೋಡು. ಊರಿಗೆಲ್ಲ ಸಾರಿದ ಮೇಲೆ ವಸ್ತುವೇ ಕಾಣೆಯಾದರೆ? ಅದು ಏನು ಅಂತ ಅವನಿಗೆ ಸಾಯುವವರೆಗೂ ತಿಳಿಯಲಿಲ್ಲ. ಹಾಲೆಂಡಿನ ಹೈಗೆನ್ಸ್ 1655ರಲ್ಲಿ ಟೈಟನ್ ಅನ್ನುವ ಉಪಗ್ರಹವನ್ನು ಕಂಡ, 1659ರಲ್ಲಿ ಪುಸ್ತಕ ಬರೆದು, ಇದು ಶನಿಗೆ ಎಲ್ಲೂ ತಾಕದೆ ಸುತ್ತಲೂ ಇರುವ ತೆಳ್ಳನೆಯ ಬಳೆ ಅಂತ ಬಿಡಿಸಿ ಹೇಳಿದ. ಹೈಗೆನ್ಸ್‌ನ ದುರ್ಬೀನು ಒಳ್ಳೆಯದಿತ್ತು, ಸರಿ. ಆದರೆ ಬಳೆ ಬಂದದ್ದು, ಹೋದದ್ದು, ಮತ್ತೆ ಬಂದದ್ದು ಇಷ್ಟನ್ನೂ ಇಷ್ಟು ವರ್ಷ ಜನ ಬರೆದಿಟ್ಟಿರದಿದ್ದರೆ ಒಳ್ಳೆಯ ದುರ್ಬೀನೊಂದೇ ಏನು ಮಾಡುತ್ತಿತ್ತು? ಗೆಲಿಲಿಯೋ ಕಕ್ಕಾಬಿಕ್ಕಿಯಾಗಿದ್ದೂ ಆ ಲೆಕ್ಕದೊಳಗೆ ಸೇರಿದೆ. "ಕಾಣಲಿಲ್ಲ" ಅಂತ ಅವನು ಬರೆದದ್ದು ಹೈಗೆನ್ಸ್‌ಗೆ "ಕಂಡಿತು" ಅನ್ನುವಷ್ಟೇ ಕೆಲಸಕ್ಕೆ ಬಂತು. ನಿನ್ನ ಒಂದೂವರೆ ಗಂಟೆಯ ಪ್ರಶ್ನೆಗೆ ಇದು ಉತ್ತರದ ಮೊದಲ ಕಂತು ಅಂತ ಇಟ್ಟುಕೋ.

ದೊಡ್ಡಮ್ಮ ಅಷ್ಟಕ್ಕೇ ಬಿಡಲಿಲ್ಲ. "ಆ ಬೆಳಕು ಅಲ್ಲಿಂದ ಇಲ್ಲಿಗೆ ಬರಕ್ಕೆ ಎಷ್ಟ್ ಹೊತ್ತಾಯ್ತದೆ?" ಅಂತ ಕೇಳಿದರು. ಈ ಪ್ರಶ್ನೆ ಅವರ ತಲೆಗೆ ಎಲ್ಲಿಂದ ಬಂತೋ! ಒಂದೂ ಕಾಲು ಗಂಟೆ ಅಂದೆ. ಅವರು ಲೆಕ್ಕ ಹಾಕಿ, "ಹಂಗಾದ್ರೆ ಈಗ ಕಾಣ್ತಿರೋನು ನಾನು ಮುದ್ದೆಗೆ ಎಸರಿಟ್ಟಾಗಿದ್ದೋನು" ಅಂದರು. ಹುಡುಗರು ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ನಾನು ಇಷ್ಟು ವರ್ಷ ಬೆಳಕಿನ ವೇಗದ ಪಾಠ ಮಾಡಿದ್ದೇನೆ, ಒಬ್ಬ ವಿದ್ಯಾರ್ಥಿಯೂ ಅದನ್ನು ತನ್ನ ಮನೆಯ ಒಲೆಯವರೆಗೆ ತಂದಿರಲಿಲ್ಲ. ಮಾರನೆಯ ದಿನ ಸಂಜೆ ನಾನು ಕರೆಯದೇ ಅವರೇ ಮೇಲೆ ಬಂದು ಕೂತಿದ್ದರು. ಮಂಡಿಯ ಮಾತೇ ಇಲ್ಲ.

ಹುಡುಕುವ ಆಸೆ ಅಂದರೆ ಇದೇ ಇರಬೇಕು. ದೊಡ್ಡವರ ಭಾಷಣಗಳಲ್ಲಿ ಬರುವ ಮಾನವಕುಲದ ಹಂಬಲ ಗಿಂಬಲ ನನಗೆ ಅಷ್ಟಾಗಿ ತಿಳಿಯುವುದಿಲ್ಲ. ಹೆದರಿಕೆ ಇದೆ, ಮೈಲಿಗೆಯ ಲೆಕ್ಕವೂ ಇದೆ, ಆದರೂ ಬಗ್ಗಿ ನೋಡಿಬಿಡೋಣ ಅನ್ನಿಸುತ್ತದೆ. ನೋಡಿದ ಮೇಲೆ ಇನ್ನೊಂದು ಕೇಳಬೇಕು ಅನ್ನಿಸುತ್ತದೆ. ಭಕ್ತಿ ಅದಕ್ಕೆ ಅಡ್ಡ ಬರಲಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಆ ಶನಿವಾರ ದೊಡ್ಡಮ್ಮ ಎಂದಿನಂತೆ ಎಳ್ಳುಬತ್ತಿ ಹಚ್ಚಿ ಬಂದರು, ಎಂದಿನಂತೆಯೇ ವಾರೆಗೆ ನಿಂತು.

ಏಳೂವರೆ ವರ್ಷದ ಶನಿ ಅಂತ ಹೆದರಿಸುತ್ತಾರಲ್ಲ, ಅದರ ಗಣಿತವನ್ನು ಯಾವತ್ತಾದರೂ ಕೂತು ನೋಡಿದ್ದೀಯಾ? ಶನಿ ಒಂದು ಸುತ್ತು ಬರಲು ಮೂವತ್ತು ವರ್ಷಕ್ಕೆ ಚೂರು ಕಮ್ಮಿ. ಹನ್ನೆರಡು ರಾಶಿಗೆ ಹಂಚಿದರೆ ರಾಶಿಗೆ ಎರಡೂವರೆ ವರ್ಷ. ನಿನ್ನ ರಾಶಿ, ಅದರ ಹಿಂದಿನದು, ಮುಂದಿನದು ಸೇರಿದರೆ ಏಳೂವರೆ. ಭಯವನ್ನು ಪಕ್ಕಕ್ಕಿಟ್ಟರೆ ಉಳಿಯುವುದು ಚೊಕ್ಕ ಖಗೋಳ. ಕುಸುಮಪುರದ ಆರ್ಯಭಟ 499ರ ಸುಮಾರಿಗೆ ಬರೆದ ಪುಸ್ತಕದಲ್ಲಿ 43,20,000 ವರ್ಷಕ್ಕೆ ಶನಿ 1,46,564 ಸುತ್ತು ಸುತ್ತುತ್ತಾನೆ ಅಂತ ಲೆಕ್ಕ ಕೊಟ್ಟಿದ್ದಾನೆ. ಫೋನಿನಲ್ಲೇ ಭಾಗಿಸಿ ನೋಡು, ಸುತ್ತಿಗೆ 29.47 ವರ್ಷ ಬರುತ್ತದೆ. ಇವತ್ತಿನ ಲೆಕ್ಕಕ್ಕೂ ಅದಕ್ಕೂ ಮೂವತ್ತು ವರ್ಷದ ದಾರಿಯಲ್ಲಿ ವ್ಯತ್ಯಾಸ ಬರುವುದು ಒಂದು ವಾರ. ದುರ್ಬೀನು ಇಲ್ಲ, ಗಡಿಯಾರವೂ ನೆಟ್ಟಗಿಲ್ಲದ ಕಾಲ ಅದು.

ಆ ಸಂಖ್ಯೆಯನ್ನು ನೋಡಿದಾಗೆಲ್ಲ ನನಗೆ ಒಂದೇ ಯೋಚನೆ. ಶನಿ ಹೊರಟಲ್ಲಿಗೇ ಮರಳಿ ಬಂದ ಅಂತ ಒಬ್ಬ ಮನುಷ್ಯ ಖಾತ್ರಿ ಮಾಡಿಕೊಳ್ಳಬೇಕಾದರೆ ಮೂವತ್ತು ವರ್ಷ ಬೇಕು. ಎರಡನೇ ಸುತ್ತಿಗೆ ಅರವತ್ತು. ಲೆಕ್ಕ ಅಷ್ಟು ನಯವಾಗಬೇಕಾದರೆ ಎಷ್ಟು ಸುತ್ತು ನೋಡಿರಬೇಡ! ಒಬ್ಬರ ಆಯುಸ್ಸಿನಲ್ಲಿ ಆಗುವ ಕೆಲಸವೇ ಅಲ್ಲ. ಯಾರೋ ನೋಡಿ ಇನ್ನೊಬ್ಬರಿಗೆ ಹೇಳಿದ್ದಾರೆ, ಅವರು ತಮ್ಮ ಶಿಷ್ಯರಿಗೆ. ನಡುವಿನವರ ಹೆಸರು ಒಂದೂ ಉಳಿದಿಲ್ಲ. "ಶನಿ ಇವತ್ತು ಈ ನಕ್ಷತ್ರದ ಹತ್ತಿರ ಇದ್ದಾನೆ" ಅಂತಷ್ಟೇ ಗುರುತಿಟ್ಟು ತೀರಿಕೊಂಡವನಿಗೆ ಏನು ಸಿಕ್ಕಿತು ಹೇಳು? ಅವನೂ ಎಂದಾದರೊಂದು ರಾತ್ರಿ ನಿನ್ನ ಪ್ರಶ್ನೆ ಕೇಳಿಕೊಂಡಿರುತ್ತಾನೆ.

ಆರ್ಯಭಟ ಅಂದರೆ ನನ್ನ ತಲೆಮಾರಿನವರಿಗೆ ಮೊದಲು ನೆನಪಾಗುವುದು ಹಳೆಯ ಎರಡು ರೂಪಾಯಿ ನೋಟಿನ ಹಿಂಬದಿ. ಮೂಲೆಮೂಲೆಯಾಗಿ ಕತ್ತರಿಸಿದ ಚೆಂಡಿನ ಹಾಗಿದ್ದ ಆ ಉಪಗ್ರಹದ ಚಿತ್ರ ಏನಂತ ಗೊತ್ತಿಲ್ಲದೆಯೇ ನಾವು ಅದನ್ನು ಕೊಟ್ಟು ಕಡ್ಲೆಮಿಠಾಯಿ ತಿಂದಿದ್ದೇವೆ. ಅದು ತಯಾರಾದದ್ದು ಎಲ್ಲಿ ಅಂತೀಯ? ನಮ್ಮ ನೆಲಮಂಗಲದ ಮೇಲೆ ಬೆಂಗಳೂರಿಗೆ ಹೋಗುವಾಗ ಸಿಗುವ ಪೀಣ್ಯದಲ್ಲಿ, ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ. ಪಕ್ಕದ ಶೆಡ್ಡಿನಲ್ಲಿ ಲೇತು ಓಡುವಂಥ ಜಾಗ. ಉಡುಪಿ ಹತ್ತಿರದ ಅದಮಾರಿನವರಾದ ಯು.ಆರ್. ರಾವ್ ಅಲ್ಲಿ ಹುಡುಗ ಹುಡುಗಿಯರನ್ನು ಕಟ್ಟಿಕೊಂಡು ಮೂರು ವರ್ಷದಲ್ಲಿ 360 ಕಿಲೋ ತೂಕದ ಉಪಗ್ರಹ ಮಾಡಿದರು. ಅವರಲ್ಲಿ ಹೆಚ್ಚಿನವರು ಅದಕ್ಕೆ ಮುಂಚೆ ಉಪಗ್ರಹ ಅನ್ನುವುದನ್ನು ಕಣ್ಣಿಂದ ಕಂಡವರೇ ಅಲ್ಲ. ಸಂಕೇತ ಹಿಡಿಯುವ ಕೇಂದ್ರಕ್ಕೆ ಜಾಗ ಸಾಲದೆ ಒಂದು ಶೌಚಾಲಯವನ್ನೇ ಬದಲಾಯಿಸಿಕೊಂಡಿದ್ದರಂತೆ. 1975ರ ಏಪ್ರಿಲ್ 19ರಂದು ಅದು ಸೋವಿಯತ್ ರಾಕೆಟ್ಟಿನಲ್ಲಿ ಮೇಲೆ ಹೋಯಿತು. ನಾಲ್ಕೈದು ದಿನಗಳಲ್ಲೇ ಪ್ರಯೋಗದ ಉಪಕರಣಗಳಿಗೆ ವಿದ್ಯುತ್ತು ಕೈಕೊಟ್ಟಿತು. ಎಕ್ಸ್-ರೇ ನೋಡಬೇಕು, ಸೂರ್ಯನನ್ನು ನೋಡಬೇಕು ಅಂತ ಕಟ್ಟಿದ್ದು ಹೆಚ್ಚೇನೂ ನೋಡಲಿಲ್ಲ. ಆದರೆ ಆ ಶೆಡ್ಡಿನಿಂದ ಹೊರಗೆ ಬಂದವರಿಗೆ ಉಪಗ್ರಹ ಮಾಡುವುದು ಗೊತ್ತಾಗಿತ್ತು, ಅದನ್ನು ಮತ್ತೆ ಯಾರೂ ಅವರಿಂದ ಕಿತ್ತುಕೊಳ್ಳುವಂತಿರಲಿಲ್ಲ. ರಾವ್ ಅವರು ವಿಕ್ರಂ ಸಾರಾಭಾಯಿ ಕೈಕೆಳಗೆ ಸಂಶೋಧನೆ ಮಾಡಿದ್ದು ನೀನೀಗ ಕೂತಿರುವ ಅಹಮದಾಬಾದಿನಲ್ಲೇ ಅನ್ನುವುದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಉಡುಪಿಯ ಕಡೆಯವರಿಗೆ ಅಲ್ಲಿಯ ಸಿಹಿ ಬೇಳೆ ಒಗ್ಗಿದ್ದರೆ ನಿನಗೂ ಒಗ್ಗೀತು. ಗೋಳಾಡುವುದು ನಿಲ್ಲಿಸು.

ಅದೇ ಪೀಣ್ಯದ ನಿಯಂತ್ರಣ ಕೇಂದ್ರದಲ್ಲಿ 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಏನಾಯಿತು ಅಂತ ನಾವಿಬ್ಬರೂ ಟೀವಿ ಮುಂದೆ ಕೂತು ನೋಡಿದ್ದೆವು, ನೀನು ದಿಂಬು ಕಚ್ಚಿಕೊಂಡು ಅತ್ತೆ. ಚಂದ್ರನ ಮೇಲೆ ಇಳಿಯಬೇಕಿದ್ದ ವಿಕ್ರಮ್ ಲ್ಯಾಂಡರ್ ಮಾತು ನಿಲ್ಲಿಸಿತು. ಆಮೇಲಿನ ನಾಲ್ಕು ವರ್ಷ ನಮಗೆ ಸುದ್ದಿಯಾಗಲಿಲ್ಲ, ಆದರೆ ನಿಜವಾದ ಕಥೆ ಇರುವುದು ಅಲ್ಲೇ. ಏನೇನು ಕೆಟ್ಟುಹೋಗಬಹುದು ಅಂತ ಪಟ್ಟಿ ಮಾಡಿ, ಒಂದೊಂದು ಕೆಟ್ಟರೂ ಇಳಿಯುವ ಹಾಗೆ ಹೊಸ ಲ್ಯಾಂಡರನ್ನು ಕಟ್ಟಿದರು. ಕಾಲು ಗಟ್ಟಿಮಾಡಿದರು, ಇಂಧನ ಹೆಚ್ಚಿಸಿದರು. ಮೊದಲು ಅರ್ಧ ಕಿಲೋಮೀಟರು ಚದರದ ಜಾಗಕ್ಕೆ ಗುರಿಯಿಟ್ಟಿದ್ದವರು ಈಗ ನಾಲ್ಕು ಕಿಲೋಮೀಟರು ಉದ್ದ, ಎರಡೂವರೆ ಕಿಲೋಮೀಟರಿನಷ್ಟು ಅಗಲದ ಜಾಗ ಹಿಡಿದರು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಹತ್ತಿರ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಮೇಲಿನಂಥ ಗುಂಡಿಗಳನ್ನು ತೋಡಿ ಪರೀಕ್ಷೆ ಮಾಡಿದ್ದರಲ್ಲ, ಅದನ್ನು ಕೇಳಿದಾಗ ಚಿಕ್ಕಪ್ಪ ಮೊದಲ ಸಲ ಇಸ್ರೋ ಬಗ್ಗೆ ಒಳ್ಳೆಯ ಮಾತಾಡಿದ್ದರು: "ಗುಂಡಿ ತೋಡೋದು ಅಂದ್ರೆ ಕಷ್ಟದ್ ಕೆಲ್ಸ." 2023ರ ಆಗಸ್ಟ್ 23ರ ಸಂಜೆ ಆರು ಗಂಟೆ ನಾಲ್ಕು ನಿಮಿಷಕ್ಕೆ ಇಳಿಯಿತು. ಪ್ರಜ್ಞಾನ್ ರೋವರು ನಿಮ್ಮ ಸಂಶೋಧನಾಲಯದವರು ಮಾಡಿದ ಉಪಕರಣವನ್ನೇ ಹೊತ್ತು ನೂರು ಮೀಟರಿನಷ್ಟು ತೆವಳಿ, 23 ಕಡೆ ನೆಲದ ಮಣ್ಣನ್ನು ಪರೀಕ್ಷಿಸಿತು. ಚಂದ್ರ ಹುಟ್ಟಿದ ಹೊಸದರಲ್ಲಿ ಕರಗಿದ ಕಲ್ಲಿನ ಸಮುದ್ರವೇ ಆಗಿದ್ದ ಅನ್ನುವ ಮಾತಿಗೆ ದಕ್ಷಿಣದ ಕಡೆಯಿಂದಲೂ ಸಾಕ್ಷಿ ಸಿಕ್ಕಿತು. ನೂರು ಮೀಟರು ಅಂದರೆ ನಮ್ಮ ಮನೆಯಿಂದ ಬಸ್ ಸ್ಟಾಪಿನವರೆಗೂ ಇಲ್ಲ.

ಇಷ್ಟು ಹೊಗಳಿದ ಮೇಲೆ ಒಂದು ಮುಳ್ಳನ್ನೂ ತೋರಿಸಬೇಕು. ಹುಡುಕಲು ಹೊರಟವರೆಲ್ಲ ಒಳ್ಳೆಯವರಲ್ಲ. 1498ರಲ್ಲಿ ವಾಸ್ಕೊ ಡ ಗಾಮ ಭಾರತಕ್ಕೆ ದಾರಿ ಕಂಡುಹಿಡಿದ ಅಂತ ನಾನೇ ಪಾಠ ಮಾಡುತ್ತೇನೆ, ಆದರೆ ಆಫ್ರಿಕಾದ ಮಾಲಿಂದಿಯಲ್ಲಿ ಹಡಗು ಹತ್ತಿ ಕಲ್ಲಿಕೋಟೆಯ ದಾರಿ ತೋರಿಸಿದ ನಾವಿಕನಿಗೆ ಆ ದಾರಿ ಮೊದಲೇ ಗೊತ್ತಿತ್ತು. ಟಿಪ್ಪು ಬಿದ್ದ ಮೇಲೆ, 1800ರಲ್ಲಿ, ಲ್ಯಾಂಬ್ಟನ್ ಬೆಂಗಳೂರಿನಲ್ಲಿ ಸರಪಳಿ ಎಳೆದು ಆಧಾರರೇಖೆ ಅಳೆದ. ಮೆಕೆಂಜಿ ಮೈಸೂರು ಸೀಮೆಯನ್ನೆಲ್ಲ ಅಳೆದು ನಕ್ಷೆ ಮಾಡಿದ. ಅದ್ಭುತವಾದ ಕೆಲಸ, ಇಲ್ಲ ಅನ್ನುವುದಿಲ್ಲ. ಆದರೆ ಗೆದ್ದವರು ಗೆದ್ದದ್ದನ್ನು ಅಳೆಯುತ್ತಿದ್ದರು. ಮೆಕೆಂಜಿಗಾಗಿ ಊರೂರು ತಿರುಗಿ ಶಾಸನ, ಕೈಫಿಯತ್ತು ಕೂಡಿಹಾಕಿದ ಕಾವಲಿ ವೆಂಕಟ ಬೋರಯ್ಯ ಇನ್ನೂ ಎಳೆಯ ವಯಸ್ಸಿನಲ್ಲೇ, 1803ರಲ್ಲಿ, ತೀರಿಕೊಂಡ. ಸಂಗ್ರಹಕ್ಕೆ ಉಳಿದದ್ದು ಮೆಕೆಂಜಿಯ ಹೆಸರು. ನಿನ್ನ ಪ್ರಬಂಧದ ಕೊನೆಗೆ ಹೆಸರುಗಳನ್ನು ಬರೆಯುವಾಗ ಯಂತ್ರ ರಿಪೇರಿ ಮಾಡಿಕೊಟ್ಟವರ ಹೆಸರು ಬಿಟ್ಟೆಯೋ, ನಾನು ನಿನ್ನ ಜೊತೆ ಮಾತು ಬಿಡುತ್ತೇನೆ.

ಈ ವಿಷಯದಲ್ಲಿ ನನಗೆ ಮತ್ತೆ ಶನಿಯ ಕಡೆಯದೇ ಒಂದು ಕಥೆ ಇಷ್ಟ. 1997ರಲ್ಲಿ ಹೊರಟ ಕ್ಯಾಸಿನಿ ನೌಕೆ 2004ರಲ್ಲಿ ಶನಿಯನ್ನು ತಲುಪಿತು. ಮುಂದಿನ ಜನವರಿಯಲ್ಲಿ ಅದರ ಮರಿನೌಕೆ ಟೈಟನ್ ಮೇಲೆ ಇಳಿಯಿತು, ಅದಕ್ಕೆ ಇಟ್ಟಿದ್ದ ಹೆಸರು ಹೈಗೆನ್ಸ್. ಎನ್ಸೆಲಡಸ್ ಅಂತ ಐನೂರು ಕಿಲೋಮೀಟರು ಅಗಲದ ಪುಟ್ಟ ಉಪಗ್ರಹ ಒಂದಿದೆಯಲ್ಲ, ಮೈಯೆಲ್ಲ ಮಂಜುಗಡ್ಡೆ. ಅದರ ದಕ್ಷಿಣ ಧ್ರುವದಿಂದ ನೀರಿನ ಹಬೆ ಚಿಮ್ಮುವುದನ್ನು ಕ್ಯಾಸಿನಿ ಕಂಡಿತು. ಒಳಗೆ ಸಮುದ್ರ ಇದೆ. ಸಮುದ್ರ ಇದ್ದರೆ ಏನಾದರೂ ಜೀವ ಇದ್ದೀತು. ಹದಿಮೂರು ವರ್ಷ ಸುತ್ತಿದ ಮೇಲೆ ಇಂಧನ ಮುಗಿಯುತ್ತಾ ಬಂತು. ಹಾಗೇ ಬಿಟ್ಟರೆ ಎಂದೋ ಒಂದು ದಿನ ಅದು ಆ ಪುಟ್ಟ ಲೋಕಕ್ಕೆ ಬಡಿದು ಭೂಮಿಯ ಕ್ರಿಮಿಗಳನ್ನು ಅಲ್ಲಿಗೆ ಅಂಟಿಸಬಹುದು ಅಂತ ಯೋಚಿಸಿ, 2017ರ ಸೆಪ್ಟೆಂಬರ್ 15ರಂದು ಅದನ್ನು ಬೇಕೆಂದೇ ಶನಿಯೊಳಗೆ ಬೀಳಿಸಿ ಸುಟ್ಟರು. ಇದ್ದಾರೋ ಇಲ್ಲವೋ ಗೊತ್ತೇ ಇಲ್ಲದವರ ಮನೆ ಕೆಡದಿರಲಿ ಅಂತ. ಗಾಮನ ಹಡಗಿನವರಿಂದ ಈ ಎಚ್ಚರಕ್ಕೆ ಬರಲು ಮನುಷ್ಯರಿಗೆ ಐನೂರು ವರ್ಷ ಹಿಡಿಯಿತು. ದೊಡ್ಡಮ್ಮನಿಗೆ ಇದನ್ನು ಹೇಳಿದಾಗ "ಶನಿಗೇ ಅರ್ಪಿಸ್ಬುಟ್ರು ಅನ್ನು" ಅಂದರು. ನಾನು ಅಲ್ಲ ಅನ್ನಲಿಲ್ಲ.

ಈ ಮಾರ್ಚ್ ತಿಂಗಳ ತಮಾಷೆ ನೆನಪಿದೆಯಾ? 23ಕ್ಕೆ ಬಳೆಗಳ ಅಂಚು ಸರಿಯಾಗಿ ಭೂಮಿಯ ನೇರಕ್ಕೆ ಬಂತು, 29ಕ್ಕೆ ಪಂಚಾಂಗದಲ್ಲಿ ಶನಿ ಮೀನರಾಶಿಗೆ ಹೋದ. ಅದೂ ಯುಗಾದಿಯ ಹಿಂದಿನ ದಿನ, ಅಮಾವಾಸ್ಯೆ, ಶನಿವಾರ ಬೇರೆ. ಗುಡಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಅದೇ ತಿಂಗಳು ಶನಿಗೆ ಇನ್ನೂ 128 ಉಪಗ್ರಹಗಳಿವೆ ಅಂತ ಗೊತ್ತಾಗಿ ಲೆಕ್ಕ 274ಕ್ಕೆ ಏರಿತ್ತು. ನಾಲ್ಕು ನೂರು ವರ್ಷ ದುರ್ಬೀನು ಹಿಡಿದು ನೋಡಿದ ಮೇಲೂ ಒಂದೇ ಸಲಕ್ಕೆ ನೂರಿಪ್ಪತ್ತೆಂಟು! ನೀನು ಎಲ್ಲವೂ ಮುಗಿದ ಮೇಲೆ ಬಂದಿದ್ದೀನಿ ಅಂತ ಕೊರಗುತ್ತೀಯಲ್ಲ, ಅದಕ್ಕೆ ಹೇಳಿದೆ.

ದೊಡ್ಡಮ್ಮ ನಿನ್ನೆ ಮತ್ತೆ ಕೇಳಿದರು, ಬಳೆ ಯಾವಾಗ ಬರುತ್ತದೆ ಅಂತ. ಮುಂದಿನ ವರ್ಷದಿಂದ ಸ್ವಲ್ಪಸ್ವಲ್ಪವೇ ಅಗಲವಾಗುತ್ತಾ ಹೋಗುತ್ತದೆ, ಪೂರ್ತಿ ತೆರೆದುಕೊಳ್ಳುವುದು 2032ರ ಹೊತ್ತಿಗೆ ಅಂದೆ. ಬೆರಳು ಮಡಚಿ ಎಣಿಸಿದರು. "ಅಷ್ಟೊತ್ತಿಗೆ ನಾನಿರಲ್ಲ ಬಿಡು. ನೀವ್ ನೋಡ್ಕೊಳಿ" ಅಂದರು. ಬೇಸರದಲ್ಲಿ ಹೇಳಿದ ಹಾಗಿರಲಿಲ್ಲ, ಹಸುವಿಗೆ ಹುಲ್ಲು ಹಾಕಲು ಮರೀಬೇಡಿ ಅನ್ನುವಾಗಿನ ದನಿ. ಆಮೇಲೆ ಒಂದು ಪುಸ್ತಕ ತರಿಸಿಕೊಂಡು ಹುಡುಗರ ಕೈಲಿ ಇವತ್ತಿನ ತಾರೀಕು, ಕಂಡದ್ದರ ಚಿತ್ರ ಬರೆಸಿಟ್ಟಿದ್ದಾರೆ. ಒಂದು ಗೋಲ, ಅಡ್ಡಕ್ಕೊಂದು ಗೆರೆ, ಪಕ್ಕಕ್ಕೆ ಟೈಟನ್‌ನ ಚುಕ್ಕೆ. ಹಾಲಿನ ಲೆಕ್ಕದ ಪುಸ್ತಕ ಅದು, ಹಿಂದುಗಡೆಯಿಂದ ಶುರುಮಾಡಿದ್ದಾರೆ. ಮೋಡ ಇದ್ದ ದಿನ "ಮೋಡ" ಅಂತಲೇ ಬರೆಸುತ್ತಾರೆ.

ಏನೂ ಸಿಗದಿದ್ದರೆ ಏನು ಮಾಡಲಿ ಅಂತ ಕೇಳಿದೆಯಲ್ಲ. ಸಿಗಲಿಲ್ಲ ಅಂತ ಬರೆದಿಡು, ತಾರೀಕು ಹಾಕಿ. ನನಗೆ ಗೊತ್ತಿರುವುದು ಅಷ್ಟೇ. ಉಳಿದದ್ದಕ್ಕೆ ನಿನ್ನ ಗೈಡನ್ನು ಕೇಳು, ಅವರಿಗೆ ಸಂಬಳ ಕೊಡುವುದು ಅದಕ್ಕೇ.

ಮನೆಯವರ ಚಿಂತೆಗೆ ನೀನು ತಲೆ ಕೆಡಿಸಿಕೊಳ್ಳಬೇಡ ಅಂತ ಹೇಳಲಾರೆ, ಸ್ವಲ್ಪ ಕೆಡಿಸಿಕೋ. ವಾರಕ್ಕೊಮ್ಮೆ ಚಿಕ್ಕಮ್ಮನಿಗೆ ಫೋನು ಮಾಡು, ಮಾಡಿದಾಗ ಊಟ ಆಯಿತು ಅಂತ ಮಾತ್ರ ಹೇಳಿ ಇಡಬೇಡ, ಏನು ಊಟ ಅಂತಲೂ ಹೇಳು. ಹೊರಟವಳಿಗೆ ದಿನಕ್ಕೊಂದು ಹೊಸದು ಕಾಣುತ್ತದೆ, ಇಲ್ಲಿರುವವರಿಗೆ ಅದೇ ಬಾಗಿಲು ಅದೇ ಬೀದಿ, ಕಾಯುವುದು ಅವರಿಗೇ ಹೆಚ್ಚು ಕಷ್ಟ. ಚಿಕ್ಕಪ್ಪ ಜಗಳ ತೆಗೆದರೆ ರಾಗಿ ಎಷ್ಟು ಮೂಟೆ ಆಯಿತು ಅಂತ ಕೇಳು, ಜಗಳ ಮರೆತುಬಿಡುತ್ತಾರೆ.

ಸಂಕ್ರಾಂತಿಗೆ ಟಿಕೆಟ್ಟು ಈಗಲೇ ತೆಗಿ. ಆ ಹೊತ್ತಿಗೆ ಅವರೆ ಸೊಗಡು ಹಿಡಿದಿರುತ್ತದೆ, ಹಿತಕಿದಬೇಳೆ ಸಾರು ಖಂಡಿತ. ಶನಿ ಆಗ ಸಂಜೆಗೇ ಪಶ್ಚಿಮಕ್ಕೆ ವಾಲಿರುತ್ತಾನೆ, ತಡಮಾಡಿದರೆ ಸಿಗುವುದಿಲ್ಲ, ಹಗಲಿರುವಾಗಲೇ ಮನೆ ಸೇರುವ ಬಸ್ಸು ಹಿಡಿ. ದುರ್ಬೀನಿಗೆ ಒಂದು ಒಳ್ಳೆಯ ಕಣ್ಣಿನ ಮಸೂರ ತಾ, ಇರುವುದಕ್ಕೆ ಗೀರು ಬಿದ್ದಿದೆ, ದೊಡ್ಡಮ್ಮ ಅದನ್ನು ಸೆರಗಿನಲ್ಲಿ ಒರೆಸುವುದನ್ನು ತಪ್ಪಿಸಲು ನನ್ನಿಂದ ಆಗುತ್ತಿಲ್ಲ. ಕೊರಿಯರಿನಲ್ಲಿ ಹುರಿಹಿಟ್ಟು, ನಿಪ್ಪಟ್ಟು, ಚಿಕ್ಕಮ್ಮನ ಹುಣಸೇ ತೊಕ್ಕು ಕಳಿಸಿದ್ದೇನೆ. ನಿಪ್ಪಟ್ಟನ್ನು ಲ್ಯಾಬಿನವರಿಗೂ ಕೊಡು. ಸ್ಟೀಲಿನ ಡಬ್ಬಿ ಮಾತ್ರ ವಾಪಸ್ಸು ತರಬೇಕು, ಹೋದ ಸಲದ ಎರಡು ಇನ್ನೂ ಬಂದಿಲ್ಲ.

ಇಂತಿ ನಿನ್ನ
ಅಕ್ಕ